ಗಾಡಿ ಪ್ರಶ್ನೋತ್ತರ: ಬಣ್ಣ ಹೊಸದು, ಬೆಳಕು ಮಂದ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಳೆ ಬೈಕುಗಳ ವೈರಿಂಗ್ ಕುರಿತೇ ಇವೆ. ಅಚ್ಚರಿಯೇನಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಂದರೆ ಅಲ್ಲಿಂದ ಬಂದ ಕೊನೆಯ ಯೆಜ್ಡಿಯ ವೈರಿಗೂ ಈಗ ಮೂವತ್ತರ ಹತ್ತಿರ ವಯಸ್ಸು. ನಮ್ಮ ಕಡೆಯ ಬೇಸಿಗೆಯಲ್ಲಿ ಟ್ಯಾಂಕಿನ ಕೆಳಗೆ ಅಷ್ಟು ವರ್ಷ ಬೆಂದ ಪಿವಿಸಿ ಬಗ್ಗಿಸಿದರೆ ಹಪ್ಪಳದಂತೆ ಮುರಿಯುತ್ತದೆ.

ಪ್ರಶ್ನೆ: ನಮ್ಮ ಅಪ್ಪಾರ ಯೆಜ್ಡಿ ಗಾಡಿ, 6 ವೋಲ್ಟಿಂದು, ಪೂರಾ ಬಿಚ್ಚಿ ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸೀನಿ. ಹೊಸ ವೈರಿಂಗ್ ಕಿಟ್, ಹೊಸ ಬ್ಯಾಟರಿ, 35 ವ್ಯಾಟಿನ ಹೊಸ ಬಲ್ಬ್ ಹಾಕೀನಿ. ಆದ್ರೂ ಹೆಡ್‌ಲೈಟ್ ಚಿಮಣಿ ಉರಿದಂಗ ಉರೀತದ. ಹಾರ್ನ್ ಒತ್ತಿದ್ರ ಇನ್ನಷ್ಟು ಸಣ್ಣ ಆಗ್ತದ. ಬ್ಯಾಟರಿ ಮ್ಯಾಲ ಮೀಟರ್ ಇಟ್ರ 6.2 ತೋರಸ್ತದ, ಬಲ್ಬಿನ ಹೋಲ್ಡರದಾಗ 4.9. ಡೈನಮೋ ಕಟ್ಟಿಸಬೇಕು ಅಂತಾರ ಮಿಸ್ತ್ರಿ. ಖರೆ ಏನ್ರಿ?
— ಸೇಡಂ

ಉತ್ತರ: ಡೈನಮೋ ಮುಟ್ಟಬೇಡಿ. ಉತ್ತರ ನಿಮ್ಮ ಪತ್ರದಲ್ಲೇ ಇದೆ. ಬ್ಯಾಟರಿಯಿಂದ ಹೊರಟ 6.2 ವೋಲ್ಟಿನಲ್ಲಿ 1.3 ವೋಲ್ಟ್ ದಾರಿಯಲ್ಲೇ ಕರಗಿದೆ. ಬಲ್ಬಿನ ಬೆಳಕು ವೋಲ್ಟೇಜಿನ ಸಮಕ್ಕೆ ಇಳಿಯುವುದಿಲ್ಲ, ಅದಕ್ಕಿಂತ ತುಂಬಾ ಬೇಗ ಇಳಿಯುತ್ತದೆ. ವೋಲ್ಟೇಜ್ ಐದರಲ್ಲೊಂದು ಪಾಲು ಬಿದ್ದರೆ ಬೆಳಕು ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ನಿಮ್ಮ ಗಾಡಿಯಲ್ಲಿ ಆಗಿರುವುದು ಇದೇ.

ಆ 1.3 ವೋಲ್ಟ್ ಎಲ್ಲಿ ಹೋಯಿತು ಎಂದು ತಿಳಿಯಲು ಎರಡು ಅಳತೆ ಸಾಕು. ಹೆಡ್‌ಲೈಟ್ ಉರಿಯುತ್ತಿರಲಿ, ಆರಿಸಿಟ್ಟು ಅಳೆದರೆ ಏನೂ ಗೊತ್ತಾಗುವುದಿಲ್ಲ, ಕರೆಂಟು ಹರಿಯುವಾಗಲೇ ವೋಲ್ಟೇಜ್ ಬೀಳುವುದು. ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಮೊದಲು, ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆಯೋ ಆ ತುದಿಯ ಮೇಲೆ ಒಂದು ಕಡ್ಡಿ, ಬಲ್ಬ್ ಹೋಲ್ಡರಿನ ತಗಡಿನ ಮೇಲೆ ಇನ್ನೊಂದು ಕಡ್ಡಿ. ಇಲ್ಲಿ 0.1 ವೋಲ್ಟಿಗಿಂತ ಹೆಚ್ಚು ಬರಬಾರದು. ಎರಡನೆಯದು, ಬ್ಯಾಟರಿಯ ಇನ್ನೊಂದು ತುದಿಯಿಂದ ಬಲ್ಬಿನ ಹಿಂದಿನ ಟರ್ಮಿನಲ್ಲಿಗೆ. ಇಲ್ಲಿ 0.3ರ ತನಕ ನಡೆದೀತು. ಪೌಡರ್ ಕೋಟಿಂಗ್ ಆದ ಗಾಡಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ಮೊದಲನೆಯ ಅಳತೆಯೇ ಕೆಟ್ಟಿರುತ್ತದೆ.

ಕಾರಣ ನೋಡಿ. ಹಳೆ ಗಾಡಿಗಳಲ್ಲಿ ಪ್ರತಿ ಬಲ್ಬಿಗೆ ಒಂದೇ ವೈರು. ಮರಳಿ ಬರುವ ದಾರಿ ಚಾಸಿಯೇ. ಹೆಡ್‌ಲೈಟ್ ಡೂಮ್ (ಬಲ್ಬ್ ಇರುವ ಗುಂಡನೆಯ ತಗಡಿನ ಬಟ್ಟಲು) ಕೂತಿರುವುದು ಫೋರ್ಕಿನ ಮೇಲೆ. ಫೋರ್ಕ್ ಚಾಸಿಗೆ ತಾಗುವುದು ಸ್ಟೀರಿಂಗಿನ ಬಾಲ್‌ಗಳ ಮೂಲಕ ಮಾತ್ರ, ಆ ಬಾಲ್‌ಗಳು ಮುಳುಗಿರುವುದು ಗ್ರೀಸಿನಲ್ಲಿ. ಹಳೆಯ ಪೇಂಟ್ ಇದ್ದಾಗ ಬೋಲ್ಟು ಬಿಗಿದ ಕಡೆ ಬಣ್ಣ ಕಿತ್ತು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ಪೌಡರ್ ಕೋಟಿಂಗ್ ಹಾಗಲ್ಲ, ಅದು ಕಾಯಿಸಿ ಕರಗಿಸಿ ಹಿಡಿಸಿದ ಪ್ಲಾಸ್ಟಿಕ್ಕು. ಬೋಲ್ಟಿನ ಕೆಳಗೂ ಹಾಗೇ ಉಳಿಯುತ್ತದೆ, ಎಂಜಿನ್ ಕೂರುವ ಕಿವಿಗಳ ಮೇಲೂ ಉಳಿಯುತ್ತದೆ. ಕರೆಂಟಿಗೆ ಮನೆಗೆ ಮರಳುವ ದಾರಿಯೇ ಇಲ್ಲ. ಸಿಕ್ಕ ಸಿಕ್ಕ ಸಂದಿಯಲ್ಲಿ ತೂರಿಕೊಂಡು ಬರುತ್ತದೆ. ಹಾರ್ನ್ ಒತ್ತಿದಾಗ ಲೈಟ್ ಕುಗ್ಗುವುದು, ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುವುದು, ಎಲ್ಲ ಇದರ ಗುರುತೇ: ಎರಡು ಕೆಲಸಗಳು ಒಂದೇ ಇಕ್ಕಟ್ಟಿನ ದಾರಿ ಹಂಚಿಕೊಳ್ಳುತ್ತಿವೆ.

ಪರಿಹಾರ ಬಣ್ಣ ಕೆರೆಯುವುದೊಂದೇ ಅಲ್ಲ, ಅರ್ಥಿಗೆ, ಅಂದರೆ ಕರೆಂಟು ಮರಳುವ ದಾರಿಗೆ, ಬೇರೆ ವೈರನ್ನೇ ಎಳೆಯುವುದು. ಹೆಡ್‌ಲೈಟ್ ಹೋಲ್ಡರಿನಿಂದ ಒಂದು, ಟೇಲ್ ಲ್ಯಾಂಪಿನಿಂದ ಒಂದು, ಕಟೌಟಿನ (ಡೈನಮೋವನ್ನು ಬ್ಯಾಟರಿಗೆ ತಾನೇ ಜೋಡಿಸಿ ಬಿಡಿಸುವ, ಚಾರ್ಜ್ ಹತೋಟಿಯಲ್ಲಿಡುವ ಡಬ್ಬಿ) ತಗಡಿನಿಂದ ಒಂದು, ಎಂಜಿನ್ನಿನ ಒಂದು ಬೋಲ್ಟಿನಿಂದ ಒಂದು. ಈ ನಾಲ್ಕನ್ನೂ ಬ್ಯಾಟರಿ ಹತ್ತಿರದ ಒಂದೇ 6 ಎಂಎಂ ಬೋಲ್ಟಿಗೆ ತಂದು, ಅಲ್ಲಿಂದ ಬ್ಯಾಟರಿಗೆ ದಪ್ಪ ವೈರು ಹಾಕಿ. ಆ ಬೋಲ್ಟಿನ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲ ಎಮರಿ ಪೇಪರಿನಿಂದ ಕಬ್ಬಿಣ ಹೊಳೆಯುವ ತನಕ ಉಜ್ಜಿ. ಹಲ್ಲಿನ ವಾಷರ್ ಇಟ್ಟು, ಅದರ ಮೇಲೆ ತಿಂಬಲ್ (ವೈರಿನ ತುದಿಗೆ ಒತ್ತಿದ ಲೋಹದ ಉಂಗುರ) ಇಟ್ಟು ಬಿಗಿಯಿರಿ. ವ್ಯಾಸಲೀನ್ ಸವರುವುದು ಬಿಗಿದ ಮೇಲೆ, ಬಿಗಿಯುವ ಮೊದಲಲ್ಲ. ಡೂಮಿನಿಂದ ಬರುವ ಅರ್ಥ್ ವೈರು ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗುವಷ್ಟು ಸಡಿಲ ಇರಬೇಕು.

ಇಷ್ಟಾದ ಮೇಲೂ ಎರಡನೆಯ ಅಳತೆ 0.3 ದಾಟಿದರೆ ಡೂಮಿನೊಳಗಿನ ಕೀ ಸ್ವಿಚ್ಚಿನ ಪತ್ತಿಗಳನ್ನೂ ಡಿಪ್ಪರ್ ಸ್ವಿಚ್ಚನ್ನೂ ಬಿಚ್ಚಿ ತೊಳೆಯಿರಿ. ಎರಡರಲ್ಲೂ ಹಿತ್ತಾಳೆಯ ಪತ್ತಿ ಕಪ್ಪಾಗಿರುತ್ತದೆ.

ಪ್ರಶ್ನೆ: ಹಳೆ ಜಾವಾಕ್ಕೆ ರೆಡಿಮೇಡ್ ಕಿಟ್ ಹಾಕದೆ ಸ್ವತಃ ವೈರಿಂಗ್ ಮಾಡಬೇಕೆಂದಿದ್ದೇನೆ. ಇಂಡಿಕೇಟರ್ ಇಲ್ಲ. ಎಷ್ಟು ವೈರು, ಯಾವ ಸೈಜು ತರಬೇಕು? ಬೆಸುಗೆ ಹಾಕಬೇಕೋ, ಒತ್ತಿ ಕೂರಿಸಬೇಕೋ?
— ಆಳಂದ

ಉತ್ತರ: ಅಂಗಡಿಯಲ್ಲಿ ಆಟೋ ವೈರನ್ನು ಈಗಲೂ ಹಳೆ ಲೆಕ್ಕದಲ್ಲೇ ಕೇಳುತ್ತಾರೆ: 14/76, 23/76, 40/76, 70/76. ಮೊದಲ ಅಂಕಿ ಎಳೆಗಳ ಸಂಖ್ಯೆ. ಎರಡನೆಯದು ಒಂದು ಎಳೆಯ ದಪ್ಪ, ಇಂಚಿನ 0.0076 ಭಾಗ. ಚದರ ಮಿಲಿಮೀಟರಿನಲ್ಲಿ ಹೇಳಿದರೆ ಇವು ಸುಮಾರು 0.4, 0.7, 1.2 ಮತ್ತು 2.

6 ವೋಲ್ಟ್ ಗಾಡಿಗೆ ವೈರು ದಪ್ಪ ಬೇಕು. 35 ವ್ಯಾಟಿನ ಬಲ್ಬ್ 12 ವೋಲ್ಟಿನಲ್ಲಿ 2.9 ಆಂಪಿಯರ್ ಎಳೆದರೆ, 6 ವೋಲ್ಟಿನಲ್ಲಿ 5.8 ಎಳೆಯುತ್ತದೆ. ಹೋಗಿ ಬರುವ ದಾರಿ ಸೇರಿ 3 ಮೀಟರ್ ಎಂದು ಹಿಡಿಯಿರಿ. 14/76 ವೈರಿನಲ್ಲೇ 0.7 ವೋಲ್ಟ್ ಹೋಗುತ್ತದೆ. 40/76 ಹಾಕಿದರೆ 0.26, 70/76 ಹಾಕಿದರೆ 0.15. ನೋಡಲು ಚಂದ ಎಂದು ತೆಳುವಾದ ವೈರು ತರುವವರು ಈ ಲೆಕ್ಕ ಒಮ್ಮೆ ಹಾಕಲಿ.

ತರಬೇಕಾದದ್ದು: 70/76 ಎರಡು ಮೀಟರ್ (ಬ್ಯಾಟರಿಯ ಅರ್ಥ್, ಬ್ಯಾಟರಿಯಿಂದ ಫ್ಯೂಸ್ ದಾಟಿ ಕೀ ಸ್ವಿಚ್ಚಿನ ತನಕ). 40/76 ಆರು ಮೀಟರ್: ಡೈನಮೋದಿಂದ ಕಟೌಟ್, ಹೆಡ್‌ಲೈಟಿನ ಎರಡೂ ಬೀಮು, ಉಳಿದ ಅರ್ಥ್ ವೈರುಗಳು ಇದರಲ್ಲಿ. 23/76 ಹತ್ತು ಮೀಟರ್: ಟೇಲ್, ಬ್ರೇಕ್, ಹಾರ್ನ್, ಚಾರ್ಜಿಂಗ್ ಕೆಂಪು ದೀಪ, ಕಾಯಿಲ್ (ಪ್ಲಗ್ಗಿಗೆ ಕಿಡಿ ಕೊಡುವ ಸುರುಳಿ), ಮೀಟರ್ ಬಲ್ಬ್. 14/76 ಬೇಡವೇ ಬೇಡ. ಕರೆಂಟು ತಡೆದರೂ ನಡುಗು ತಡೆಯುವುದಿಲ್ಲ. ಹಿತ್ತಾಳೆ ಬುಲೆಟ್ ಕನೆಕ್ಟರ್ ಇಪ್ಪತ್ತು ಜೋಡಿ, ತಿಂಬಲ್ ಇಪ್ಪತ್ತು, ಪಿವಿಸಿ ಸ್ಲೀವ್ 6 ಎಂಎಂ ಮತ್ತು 8 ಎಂಎಂ ಎರಡೆರಡು ಮೀಟರ್, ಹೀಟ್ ಶ್ರಿಂಕ್ 3 ಮತ್ತು 5 ಎಂಎಂ ಒಂದೊಂದು ಮೀಟರ್, ಫ್ಯೂಸ್ ಹೋಲ್ಡರ್ ಒಂದು, 15 ಆಂಪಿಯರ್ ಫ್ಯೂಸ್ ನಾಲ್ಕು. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಅದಕ್ಕೆ ಮುಂಚಿನ ವೈರಿಗೆ ಕಾವಲೇ ಇರುವುದಿಲ್ಲ.

ವೈರು ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಅಗ್ಗದ ವೈರಿನಲ್ಲಿ ತಾಮ್ರದ ನೀರು ಕುಡಿಸಿದ ಅಲ್ಯೂಮಿನಿಯಂ ಬರುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬಿಳಿ ಕಂಡರೆ ಅಲ್ಲೇ ಬಿಟ್ಟು ಬನ್ನಿ. ಲೈಟರಿನ ಉರಿಗೆ ಹಿಡಿದರೆ ಅಂಥ ಎಳೆ ಕರಗಿ ತುಂಡಾಗುತ್ತದೆ, ತಾಮ್ರ ಕೆಂಪಗಾಗಿ ಹಾಗೇ ನಿಲ್ಲುತ್ತದೆ. ಮನೆ ವೈರಿಂಗಿನಲ್ಲಿ ಉಳಿದ ವೈರೂ ಬೇಡ. ಅದರ 1 ಚದರ ಮಿಮೀ ವೈರಿನಲ್ಲಿ 0.3 ಮಿಮೀ ದಪ್ಪದ 14 ಎಳೆ ಇರುತ್ತವೆ. ಗೋಡೆಯೊಳಗೆ ಸುಮ್ಮನೆ ಮಲಗುವುದಕ್ಕೆ ಅದು ಸರಿ. ಸಿಂಗಲ್ ಸಿಲಿಂಡರ್ ಗಾಡಿಯ ನಡುಗಿಗೆ ದಪ್ಪ ಎಳೆ ಒಂದೊಂದಾಗಿ ಮುರಿಯುತ್ತದೆ.

ಹಳೆ ವೈರಿಂಗನ್ನು ಕತ್ತರಿಸಿ ಎಸೆಯಬೇಡಿ. ಟ್ಯಾಂಕ್ ಇಳಿಸಿ ದೂರ ಇಟ್ಟು (ಬೆಸುಗೆ ಕಡ್ಡಿ ಹಚ್ಚುವ ಜಾಗದಲ್ಲಿ ಪೆಟ್ರೋಲ್ ಇರಬಾರದು), ಪ್ರತಿ ತುದಿಗೂ ಚೀಟಿ ಕಟ್ಟಿ, ಇಡೀ ಗೊಂಚಲನ್ನು ಹಾಗೇ ಹೊರತೆಗೆಯಿರಿ. ಪ್ಲೈವುಡ್ ಹಲಗೆಯ ಮೇಲೆ ಹರಡಿ, ಪ್ರತಿ ತಿರುವಿಗೆ, ಪ್ರತಿ ಕವಲಿಗೆ ಒಂದೊಂದು ಮೊಳೆ ಹೊಡೆಯಿರಿ. ಅದೇ ನಿಮ್ಮ ನಕ್ಷೆ. ಹೊಸ ವೈರನ್ನು ಆ ಮೊಳೆಗಳ ಗುಂಟ ಎಳೆದು, ಪ್ರತಿ ತುದಿಗೆ ನಾಲ್ಕು ಬೆರಳು ಹೆಚ್ಚು ಬಿಡಿ. ಕತ್ತರಿಸುವುದು ಸುಲಭ, ಬೆಳೆಸುವುದಕ್ಕೆ ಬರುವುದಿಲ್ಲ. ಕಾರ್ಖಾನೆಯ ಬಣ್ಣಗಳೆಲ್ಲ ಸಿಗದಿದ್ದರೆ ಚಿಂತೆ ಬೇಡ. ಮೋಟಾರ್ ಪ್ಯಾನೆಲ್ ಮಾಡುವವರು ವೈರಿನ ತುದಿಗೆ ತೊಡಿಸುವ ನಂಬರಿನ ಉಂಗುರಗಳು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತವೆ. ಎರಡೂ ತುದಿಗೆ ಒಂದೇ ನಂಬರ್ ತೊಡಿಸಿ, ಆ ನಂಬರಿನ ಪಟ್ಟಿಯನ್ನು ಟೂಲ್ ಬಾಕ್ಸಿನಲ್ಲಿಡಿ.

ಬೆಸುಗೆಯೋ ಒತ್ತುವುದೋ ಎಂದರೆ, ಒತ್ತುವುದು. ಸರಿಯಾದ ಕ್ರಿಂಪಿಂಗ್ ಪ್ಲೈಯರ್ ಇರಬೇಕು. ಸಾದಾ ಪಕ್ಕಡದಿಂದ ಚಪ್ಪಟೆ ಮಾಡಿದ್ದು ಒತ್ತಿದ್ದಲ್ಲ. ಒತ್ತಿದ ಮೇಲೆ ಎಳೆದು ನೋಡಿ, ಕೈಗೆ ಬರಬಾರದು. ಬೆಸುಗೆ ಹಾಕಿದರೆ ಸೀಸ ಎಳೆಗಳ ನಡುವೆ ಮೇಲಕ್ಕೇರಿ ವೈರು ಅಷ್ಟುದ್ದ ಕಡ್ಡಿಯಂತೆ ಸೆಟೆಯುತ್ತದೆ, ಸೆಟೆದದ್ದು ಮುಗಿಯುವ ಗೆರೆಯಲ್ಲೇ ಮುರಿಯುತ್ತದೆ. ಬುಲೆಟ್ ಕನೆಕ್ಟರಿನ ತುದಿಗೆ ಒಂದು ಹನಿ ಮುಟ್ಟಿಸುವುದಾದರೆ ರಾಳ ತುಂಬಿದ 60/40 ಸೋಲ್ಡರ್ ಇರಲಿ. ತಗಡಿನ ಕೆಲಸದವರ ಆಸಿಡ್ ಹಾಕಿದರೆ ಒಂದೇ ಮಳೆಗಾಲಕ್ಕೆ ತಾಮ್ರ ಹಸಿರು ಪುಡಿಯಾಗುತ್ತದೆ.

ಕಪ್ಪು ಅಂಟು ಟೇಪನ್ನು ಉದ್ದಕ್ಕೂ ಸುತ್ತುವ ರೂಢಿ ನಮ್ಮ ಊರುಗಳಲ್ಲಿ ಇನ್ನೂ ಇದೆ. ಏಪ್ರಿಲ್ ಬಂದಾಗ ಅದರ ಅಂಟು ಕರಗಿ ಹೊರಗೆ ಸೋರುತ್ತದೆ, ಧೂಳು ಹಿಡಿಯುತ್ತದೆ, ಟೇಪು ಜಾರಿ ವೈರು ಬಯಲಾಗುತ್ತದೆ. ಸ್ಲೀವ್ ತೊಡಿಸಿ, ಕವಲಿನ ಜಾಗದಲ್ಲಿ ಮಾತ್ರ ಅಂಟಿಲ್ಲದ ಹಾರ್ನೆಸ್ ಟೇಪ್ ಸುತ್ತಿ. ಶಹಾಬಾದ, ವಾಡಿ ರಸ್ತೆಯಲ್ಲಿ ಓಡುವ ಗಾಡಿಯಾದರೆ ಕನೆಕ್ಟರುಗಳ ಬಾಯಿ ಕೆಳಮುಖವಾಗಿ ಬರುವಂತೆ ಕಟ್ಟಿ. ಸಿಮೆಂಟು ಧೂಳು ಒಳಗೆ ಸೇರಿ ಮಳೆ ಹನಿ ಬಿದ್ದರೆ ಅದು ತನ್ನ ಕೆಲಸ ಮಾಡಿಯೇ ಮಾಡುತ್ತದೆ.

ಕೊನೆಗೆ ಬ್ಯಾಟರಿ ಜೋಡಿಸುವಾಗ ನೇರ ಫ್ಯೂಸ್ ಹಾಕಬೇಡಿ. ಫ್ಯೂಸಿನ ಜಾಗದಲ್ಲಿ 6 ವೋಲ್ಟಿನ ಒಂದು ಬ್ರೇಕ್ ಬಲ್ಬ್ ಜೋಡಿಸಿ. ಕೀ ಆಫ್ ಇರುವಾಗ ಅದು ಉರಿಯಬಾರದು. ಉರಿದರೆ ಎಲ್ಲೋ ವೈರು ಬಾಡಿಗೆ ತಾಗಿದೆ. ಬಲ್ಬೇ ಕರೆಂಟನ್ನು ಹಿಡಿದಿಡುವುದರಿಂದ ವೈರು ಸುಡುವುದಿಲ್ಲ, ನೀವು ಸಾವಕಾಶ ಹುಡುಕಬಹುದು. ಆಮೇಲೆ ಕೀ ಆನ್ ಮಾಡಿ ಟೇಲ್, ಬ್ರೇಕ್, ಹಾರ್ನ್ ಒಂದೊಂದಾಗಿ ಹಾಕಿ. ಪರೀಕ್ಷೆಯ ಬಲ್ಬ್ ಮಂದ ಉರಿದರೆ ಸರಿ, ಝಗ್ಗೆಂದು ಪೂರ್ತಿ ಉರಿದರೆ ಆಗಷ್ಟೇ ಹಾಕಿದ ದಾರಿಯಲ್ಲಿ ಶಾರ್ಟ್ ಇದೆ. ಕೀ ಆನ್ ಮಾಡಿ ಯಾರೊಂದಿಗೂ ಮಾತಿಗೆ ನಿಲ್ಲಬೇಡಿ. ಪಾಯಿಂಟ್ (ಎಂಜಿನ್ ತಿರುಗಿದಂತೆ ಕಾಯಿಲಿನ ಕರೆಂಟನ್ನು ಕೂಡಿಸಿ ಕಡಿಯುವ ಸ್ವಿಚ್ಚು) ಮುಚ್ಚಿದ ಜಾಗದಲ್ಲಿ ಎಂಜಿನ್ ನಿಂತಿದ್ದರೆ ಕಾಯಿಲ್ ಒಂದೇ ಸವನೆ ಮೂರ್ನಾಲ್ಕು ಆಂಪಿಯರ್ ಕುಡಿಯುತ್ತಾ ಸುಡುತ್ತದೆ. ಚಹಾ ಕುಡಿದು ಬರುವಷ್ಟರಲ್ಲಿ ಕಾಯಿಲ್ ಹೋದರೆ ವೈರಿಂಗನ್ನು ಬೈಯುವಂತಿಲ್ಲ.

ಪ್ರಶ್ನೆ: ನಮ್ಮ ಕಾಕಾ ಅವರ ಬಿಎಸ್‌ಎ ಗಾಡಿ 1950ರ ದಶಕದ್ದು, ಮ್ಯಾಗ್‌ಡೈನೊ ಇದ್ದದ್ದು. ಬ್ಯಾಟರಿ ಬದಲಿಸುವಾಗ ಮಿಸ್ತ್ರಿ ಕೆಂಪು ವೈರು ಚಾಸಿಗೆ ಹೋಗಿರುವುದನ್ನು ನೋಡಿ, ಯಾರೋ ಉಲ್ಟಾ ಮಾಡಿದ್ದಾರೆಂದು ಬ್ಯಾಟರಿಯ ಮೈನಸ್ ಅನ್ನು ಬಾಡಿಗೆ ಕೊಟ್ಟರು. ಈಗ ಲೈಟ್ ಹಾಕಿದರೆ ಆಂಪ್‌ಮೀಟರ್ ಚಾರ್ಜ್ ತೋರಿಸುತ್ತದೆ. ಸ್ಟಾರ್ಟ್ ಮಾಡಿ ಎಕ್ಸಿಲರೇಟರ್ ಕೊಟ್ಟಾಗ ಕಟೌಟಿನಲ್ಲಿ ಕಿಡಿ, ಹೊಗೆ. ಎಂಜಿನ್ ಮಾತ್ರ ಚೆನ್ನಾಗಿ ಓಡುತ್ತದೆ.
— ಬೀದರ್

ಉತ್ತರ: ಮೊದಲೇ ಸರಿ ಇತ್ತು. ಲೂಕಾಸ್ ಕಂಪನಿಯ ಎಲೆಕ್ಟ್ರಿಕ್ ಸಾಮಾನು ಹಾಕಿದ ಆ ಕಾಲದ ಬಹುತೇಕ ಬ್ರಿಟಿಷ್ ಗಾಡಿಗಳಲ್ಲಿ ಪ್ಲಸ್ಸೇ ಬಾಡಿ. ಲೂಕಾಸ್ ಬಣ್ಣದ ಪದ್ಧತಿಯಲ್ಲಿ ಕೆಂಪು ಎಂದರೆ ಅರ್ಥ್. ಕೆಂಪು ಕಂಡರೆ ಕರೆಂಟು ಎಂದುಕೊಳ್ಳುವ ನಮ್ಮ ಕಣ್ಣಿಗೆ ಇದು ಮೋಸ ಮಾಡುತ್ತದೆ. ಕಂದು-ನೀಲಿ ವೈರು ಬ್ಯಾಟರಿಯ ಮೈನಸ್ಸಿನಿಂದ ಬರುವ ಲೈವ್. ನೀಲಿ-ಬಿಳಿ ಹೈ ಬೀಮಿಗೆ, ನೀಲಿ-ಕೆಂಪು ಡಿಪ್ಪಿಗೆ. ಎಂಜಿನ್ ಓಡುತ್ತಿರುವುದಕ್ಕೆ ಕಾರಣ ಡೈನಮೋದ ಜೊತೆಗೇ ಕೂತಿರುವ ಮ್ಯಾಗ್ನೆಟೊ, ಕಿಡಿಯ ಕರೆಂಟನ್ನು ಅದು ತಾನೇ ಹುಟ್ಟಿಸುತ್ತದೆ. ಅದಕ್ಕೆ ಬ್ಯಾಟರಿಯ ಹಂಗಿಲ್ಲ.

ಆದದ್ದು ಇಷ್ಟು: ಡೈನಮೋ ತನ್ನ ಹಳೆ ದಿಕ್ಕಿನಲ್ಲೇ ಕರೆಂಟು ಹುಟ್ಟಿಸಿತು, ಬ್ಯಾಟರಿ ಉಲ್ಟಾ ಇತ್ತು. ಕಟೌಟ್ ಮುಚ್ಚಿದ ಕ್ಷಣ ಎರಡೂ ವೋಲ್ಟೇಜ್ ಎದುರು ನಿಲ್ಲುವ ಬದಲು ಒಂದಕ್ಕೊಂದು ಕೂಡಿಕೊಂಡವು. ಆ ಕಿಡಿ ಅದರದ್ದು. ತಕ್ಷಣ ಬ್ಯಾಟರಿಯ ವೈರು ಬಿಚ್ಚಿ. ಕಟೌಟಿನ ಮುಚ್ಚಳ ತೆಗೆದು ಪಾಯಿಂಟ್ ಅಂಟಿಕೊಂಡಿದೆಯೇ ನೋಡಿ. ಅಂಟಿದ್ದರೆ ಎಂಜಿನ್ ನಿಂತಾಗಲೂ ಬ್ಯಾಟರಿ ಡೈನಮೋದೊಳಗೆ ಹರಿಯುತ್ತಲೇ ಇರುತ್ತದೆ. ಬಿಡಿಸಿ, ನಯವಾದ ಎಮರಿಯಿಂದ ಹದ ಮಾಡಿ, ಸ್ಪಿರಿಟಿನಿಂದ ಒರೆಸಿ. ಗುಳಿ ಆಳವಾಗಿ ಬಿದ್ದಿದ್ದರೆ ಬದಲಿಸುವುದೇ ಲೇಸು.

ಬ್ಯಾಟರಿಯ ಪ್ಲಸ್ ಅನ್ನು ಮತ್ತೆ ಬಾಡಿಗೆ ಕೊಡಿ. ಈಗ ಡೈನಮೋಗೆ ಅದರ ದಿಕ್ಕನ್ನು ನೆನಪಿಸಬೇಕು, ಯಾಕೆಂದರೆ ಆ ಗಲಾಟೆಯಲ್ಲಿ ಅದರ ಒಳಗಿನ ಅಯಸ್ಕಾಂತ ತಿರುಗಿರಬಹುದು. ಡೈನಮೋದಿಂದ ಡಿ (ಕರೆಂಟು ಹೊರಬರುವ ತುದಿ) ಮತ್ತು ಎಫ್ (ಫೀಲ್ಡ್ ಕಾಯಿಲಿನ ತುದಿ) ಎರಡೂ ವೈರು ಬಿಚ್ಚಿ. ಬ್ಯಾಟರಿಯ ಮೈನಸ್ಸಿನಿಂದ ಒಂದು ತುಂಡು ವೈರು ತಂದು ಎಫ್ ಟರ್ಮಿನಲ್ಲಿಗೆ ಒಂದು ಕ್ಷಣ ತಾಗಿಸಿ ತೆಗೆಯಿರಿ. ಸಣ್ಣ ಕಿಡಿ ಬರುತ್ತದೆ, ಅಷ್ಟೇ ಸಾಕು. ಆಮೇಲೆ ಡಿ, ಎಫ್ ಎರಡನ್ನೂ ಒಂದಕ್ಕೊಂದು ಜೋಡಿಸಿ, ಅಲ್ಲಿಂದ ಬಾಡಿಗೆ ಮೀಟರ್ ಇಟ್ಟು, ಸ್ಟಾರ್ಟ್ ಮಾಡಿ ನಿಧಾನ ವೇಗ ಏರಿಸಿ. ವೋಲ್ಟೇಜ್ ಜಿಗಿಯದೆ ಸರಾಗ ಏರಬೇಕು. 10 ದಾಟಲು ಬಿಡಬೇಡಿ. ಏನೂ ಬರದಿದ್ದರೆ ಕಾರ್ಬನ್ ಬ್ರಷ್ ನೋಡಿ. ಅರ್ಧ ವೋಲ್ಟಿನ ಹತ್ತಿರ ನಿಂತರೆ ಫೀಲ್ಡ್ ಕಾಯಿಲ್, ಒಂದೂವರೆಯ ಹತ್ತಿರ ನಿಂತರೆ ಆರ್ಮೇಚರ್ (ಒಳಗೆ ತಿರುಗುವ ಸುರುಳಿ) ಕೆಟ್ಟಿರಬಹುದು. ಬಿಚ್ಚುವ ಮೊದಲೇ ಇಷ್ಟು ತಿಳಿದಿದ್ದರೆ ಕಟ್ಟುವವರ ಅಂಗಡಿಗೆ ಯಾವುದನ್ನು ಒಯ್ಯಬೇಕೆಂದು ಗೊತ್ತಿರುತ್ತದೆ.

ಇಂಥ ಗಾಡಿಗೆ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್ ಕೊಳ್ಳುವಾಗ ಎಚ್ಚರ. ಬಹಳಷ್ಟು ಎಲ್‌ಇಡಿಗಳು ಮೈನಸ್ ಬಾಡಿಗೆಂದೇ ಮಾಡಿದವು, ಇಲ್ಲಿ ಉರಿಯುವುದಿಲ್ಲ. ಚಾರ್ಜರಿನ ತಗಡು ಬಾಡಿಗೆ ತಾಗಿದರೆ ಫ್ಯೂಸ್ ಹಾರುತ್ತದೆ. ಬಾಡಿಗೆ ಪ್ಲಸ್ ಇದೆ ಎಂದು ಸೀಟಿನ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಮುಂದಿನ ಮಿಸ್ತ್ರಿಗೆ ಉಪಕಾರವಾಗುತ್ತದೆ.

ಪ್ರಶ್ನೆ: ಜಾವಾ 250 ಅದ. ಗುರುಮಠಕಲ್ ದಾರಿಗೆ ರಾತ್ರಿ ಓಡಸ್ತೀನಿ. 12 ವೋಲ್ಟ್ ಮಾಡಿಸಿದ್ರ ಛಲೋ ಅಂತಾರ ಎಲ್ಲಾರು. ಮಾಡಸ್ಲೇನು?
— ಯಾದಗಿರಿ

ಉತ್ತರ: ಮೊದಲು ಆದಾಯ-ಖರ್ಚು ನೋಡಿ. ನಿಮ್ಮ ಡೈನಮೋ 45 ವ್ಯಾಟಿನದು, ಅಂದರೆ 6 ವೋಲ್ಟಿನಲ್ಲಿ 7.5 ಆಂಪಿಯರ್. ಅದೂ ವೇಗದಲ್ಲಿ ಹೋಗುವಾಗ, ಐಡ್ಲಿಂಗಿನಲ್ಲಿ ಸೊನ್ನೆ. ಖರ್ಚು: ಹೆಡ್‌ಲೈಟ್ 35, ಟೇಲ್ 5, ಮೀಟರ್ ಬಲ್ಬ್ 2, ಕಾಯಿಲ್ ಸರಾಸರಿ ಹತ್ತರಿಂದ ಹದಿನೈದು. ಒಟ್ಟು 52ರಿಂದ 57 ವ್ಯಾಟ್. ರಾತ್ರಿ ಓಡಿಸಿದಷ್ಟೂ ಬ್ಯಾಟರಿ ಸಾಲ ಕೊಡುತ್ತದೆ, ಹಗಲು ತೀರಿಸಬೇಕು. ಬರೀ ರಾತ್ರಿ ಓಡಿಸುವವರ ಬ್ಯಾಟರಿ ವಾರಕ್ಕೊಮ್ಮೆ ಮಲಗುವುದು ಇದಕ್ಕೇ.

12 ವೋಲ್ಟಿಗೆ ಹೋಗಲು ದಾರಿ ಇದೆ. ಹಳೆ ಕಟೌಟ್ ತೆಗೆದು 12 ವೋಲ್ಟಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿದರೆ ಅದೇ ಡೈನಮೋ ಅಷ್ಟೇ ಆಂಪಿಯರನ್ನು ಇಮ್ಮಡಿ ವೋಲ್ಟಿನಲ್ಲಿ ಕೊಡಬಲ್ಲದು. ಆದರೆ ಆ ವೋಲ್ಟೇಜ್ ಮುಟ್ಟಲು ಎಂಜಿನ್ ಹೆಚ್ಚು ವೇಗದಲ್ಲಿ ತಿರುಗಬೇಕು. ಊರೊಳಗೆ ನಿಧಾನ ಓಡಿಸುವಾಗ ಚಾರ್ಜ್ ಆಗುವುದೇ ಇಲ್ಲ. ಬಲ್ಬುಗಳು, ಹಾರ್ನ್, ಕಾಯಿಲ್, ಬ್ಯಾಟರಿ ಎಲ್ಲವನ್ನೂ ಬದಲಿಸಬೇಕು. ಕಾಯಿಲ್ ಒಂದನ್ನು ಉಳಿಸಿಕೊಂಡು ದುಡ್ಡು ಉಳಿಸಲು ಹೋಗುವವರು ಬಹಳ. 6 ವೋಲ್ಟಿನ ಕಾಯಿಲ್ ಒಳಗೆ ಒಂದೆರಡು ಓಮ್ ಮಾತ್ರ. 12 ಕೊಟ್ಟರೆ ಕರೆಂಟು ಇಮ್ಮಡಿ, ಕಾಯುವುದು ನಾಲ್ಕು ಪಟ್ಟು. ಪಾಯಿಂಟ್ ಸುಟ್ಟು ನೀಲಿಯಾಗುತ್ತದೆ. ಪಾಯಿಂಟ್ ಗಾಡಿಯ 12 ವೋಲ್ಟ್ ಕಾಯಿಲ್ ಸುಮಾರು 3ರಿಂದ 4 ಓಮ್ ಇರಬೇಕು. ಅಳೆದೇ ಕೊಳ್ಳಿ.

ನಮ್ಮ ಸಲಹೆ: 12ಕ್ಕೆ ಹೋಗುವ ಮೊದಲು 6ನ್ನು ಸರಿಯಾಗಿ ನೋಡಿ. ಮೇಲೆ ಸೇಡಂ ಓದುಗರಿಗೆ ಹೇಳಿದ ಅಳತೆ ಮಾಡಿ, ಅರ್ಥ್ ವೈರು ಎಳೆಯಿರಿ. ಟೇಲ್ ಮತ್ತು ಮೀಟರಿಗೆ 6 ವೋಲ್ಟಿನ ಎಲ್‌ಇಡಿ ಹಾಕಿದರೆ ಐದಾರು ವ್ಯಾಟ್ ಉಳಿಯುತ್ತದೆ. ಹೆಡ್‌ಲೈಟಿಗೆ 6 ವೋಲ್ಟಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು) ಒಂದನ್ನು ಡೂಮಿನೊಳಗೆ ಕೂರಿಸಿ, ಬ್ಯಾಟರಿಯ ಫ್ಯೂಸಿನಿಂದ ನೇರ 70/76 ವೈರು ತಂದು, ಹಳೆ ಸ್ವಿಚ್ಚಿನ ಕರೆಂಟಿನಿಂದ ರಿಲೇಯನ್ನು ಎಳೆಯಿಸಿ. ಇಷ್ಟರಲ್ಲೇ ಹೆಚ್ಚಿನವರಿಗೆ ಸಮಾಧಾನವಾಗುತ್ತದೆ. ಇದೆಲ್ಲ ಮಾಡಿಯೂ ರಾತ್ರಿ ದಾರಿ ಕಾಣದಿದ್ದರೆ ಆಗ 12ರ ಮಾತು.

ಪ್ರಶ್ನೆ: ಲೂನಾದ ಹೆಡ್‌ಲೈಟ್ ಬಲ್ಬ್ ಹೋದರೆ ಮರುಗಳಿಗೆ ಟೇಲ್ ಬಲ್ಬೂ ಹೋಗುತ್ತದೆ. ಪ್ರತಿ ಸಲವೂ ಹೀಗೆಯೇ.
— ಶಹಾಪುರ

ಉತ್ತರ: ಅದು ದೋಷವಲ್ಲ, ಆ ಗಾಡಿಯ ಸ್ವಭಾವ. ಬ್ಯಾಟರಿಯಿಲ್ಲದೆ ಮ್ಯಾಗ್ನೆಟೊದಿಂದ ನೇರ ಉರಿಯುವ ಲೈಟುಗಳಲ್ಲಿ ವೋಲ್ಟೇಜನ್ನು ಹತೋಟಿಯಲ್ಲಿ ಇಡುವುದು ಬಲ್ಬುಗಳ ಭಾರವೇ. ದೊಡ್ಡ ಬಲ್ಬ್ ಸತ್ತಾಗ ಅದರ ಪಾಲೂ ಚಿಕ್ಕದರ ಮೇಲೆ ಬೀಳುತ್ತದೆ. ಹೆಡ್‌ಲೈಟ್ ಹೋಯಿತೆಂದು ತಿಳಿದ ಕೂಡಲೇ ಎಕ್ಸಿಲರೇಟರ್ ಬಿಡಿ. ಬಲ್ಬಿನ ಮೇಲೆ ಬರೆದಿರುವ ವ್ಯಾಟೇಜನ್ನೇ ಹಾಕಿ. ಹೆಡ್‌ಲೈಟಿಗೆ ಕಡಿಮೆ ವ್ಯಾಟಿನದು ಅಥವಾ ಎಲ್‌ಇಡಿ ಹಾಕಿದರೂ ಟೇಲ್ ಬಲ್ಬ್ ಉಳಿಯದು.

ಪ್ರಶ್ನೆ: 6 ವೋಲ್ಟ್ ಬ್ಯಾಟರಿ ವರ್ಷಕ್ಕೊಂದು ಬೇಕಾಗುತ್ತಿದೆ. ನೀರು ತಪ್ಪದೆ ಹಾಕುತ್ತೇನೆ.
— ಅಫಜಲಪುರ

ಉತ್ತರ: ಯಾವ ನೀರು? ಬೋರಿನ ನೀರಾದರೆ ವರ್ಷ ಬಂದದ್ದೇ ಹೆಚ್ಚು. ಮನೆಯ ಫಿಲ್ಟರ್ ನೀರಿನಲ್ಲೂ ಲವಣ ಉಳಿದಿರುತ್ತದೆ. ಬ್ಯಾಟರಿಗೆಂದೇ ಮಾರುವ ಡಿಸ್ಟಿಲ್ಡ್ ವಾಟರ್ ಮಾತ್ರ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಿ, ಪ್ಲೇಟು ಮುಳುಗಿ ಒಂದು ಬೆರಳು ಮೇಲಿರಲಿ. ಕಡಿಮೆಯಾದರೆ ನೀರಷ್ಟೇ ಹಾಕಿ, ಆಸಿಡ್ ಬೇಡ. ಇದಾದ ಮೇಲೆ ಚಾರ್ಜಿಂಗ್ ಅಳೆಯಿರಿ: ಎಂಜಿನ್ ವೇಗವಾಗಿ ಓಡುವಾಗ ಬ್ಯಾಟರಿಯ ಮೇಲೆ 7ರಿಂದ 7.2 ವೋಲ್ಟ್ ಇರಬೇಕು. 7.5 ದಾಟುತ್ತಿದ್ದರೆ ಕಟೌಟ್ ನೀರನ್ನು ಕುದಿಸುತ್ತಿದೆ. 6.5ಕ್ಕೇ ನಿಂತರೆ ಬ್ಯಾಟರಿ ಎಂದೂ ಹೊಟ್ಟೆ ತುಂಬಿಸಿಕೊಂಡಿಲ್ಲ. ರಾತ್ರಿಯಿಡೀ ಸುಮ್ಮನಿದ್ದ ಒಳ್ಳೆಯ ಬ್ಯಾಟರಿ ಬೆಳಿಗ್ಗೆ 6.3 ತೋರಿಸಬೇಕು.

ಪ್ರಶ್ನೆ: ರಾಜದೂತ್ 350, ಬ್ಯಾಟರಿ ಸತ್ತರೆ ಎಷ್ಟು ತಳ್ಳಿದರೂ ಸ್ಟಾರ್ಟ್ ಆಗುವುದಿಲ್ಲ. ಯೆಜ್ಡಿಯವರು ತಳ್ಳಿ ಹೊರಡುತ್ತಾರೆ. ಬ್ಯಾಟರಿ ಹೊಸದಿದ್ದರೂ ಚಾರ್ಜ್ ನಿಲ್ಲುವುದಿಲ್ಲ.
— ಕಲಬುರಗಿ

ಉತ್ತರ: ನಿಮ್ಮ ಗಾಡಿಯಲ್ಲಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನಲ್ಲಿ ಕಾಯಂ ಅಯಸ್ಕಾಂತವಿಲ್ಲ. ಬ್ಯಾಟರಿಯ ಕರೆಂಟು ಎರಡು ಬ್ರಷ್‌ಗಳ ಮೂಲಕ ಅದರೊಳಗೆ ತಿರುಗುವ ರೋಟರಿಗೆ ಹೋದರೆ ಮಾತ್ರ ಅದು ಅಯಸ್ಕಾಂತವಾಗುತ್ತದೆ. ಬ್ಯಾಟರಿ ಪೂರ್ತಿ ಸತ್ತರೆ ಅಯಸ್ಕಾಂತವೂ ಇಲ್ಲ, ಕಿಡಿಯೂ ಇಲ್ಲ. ತಳ್ಳುವುದು ಬರೀ ವ್ಯಾಯಾಮ.

ಚಾರ್ಜ್ ಆಗದ್ದಕ್ಕೆ ಪರೀಕ್ಷೆ ಸುಲಭ. ಎಂಜಿನ್ ನಿಲ್ಲಿಸಿ, ಆಲ್ಟರ್ನೇಟರಿನ ಕವರ್ ತೆಗೆದು, ಕೀ ಆನ್ ಮಾಡಿ, ಸ್ಕ್ರೂ ಡ್ರೈವರಿನ ತುದಿಯನ್ನು ರೋಟರಿನ ನಡುವಿನ ಬೋಲ್ಟಿನ ಹತ್ತಿರ ಒಯ್ಯಿರಿ. ಗಟ್ಟಿ ಎಳೆದುಕೊಂಡರೆ ರೋಟರಿನ ದಾರಿ ಸರಿ ಇದೆ. ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಕಡೆ, ಮೂರು ಬಿಳಿ ವೈರಿನ ಕನೆಕ್ಟರ್ ಕಡೆ ನೋಡಿ, ಆ ಕನೆಕ್ಟರ್ ಸುಟ್ಟು ಕಂದಾಗಿರುವುದು ಸಾಮಾನ್ಯ. ಎಳೆಯದಿದ್ದರೆ ಬ್ರಷ್ ಸವೆದಿದೆ, ಇಲ್ಲವೇ ಅದರ ಸ್ಪ್ರಿಂಗಿನ ಬಳಿ ಧೂಳು ಕಟ್ಟಿ ಸಿಕ್ಕಿಕೊಂಡಿದೆ, ಇಲ್ಲವೇ ರೆಗ್ಯುಲೇಟರಿನಿಂದ ಕರೆಂಟೇ ಬರುತ್ತಿಲ್ಲ. ಈ ಕ್ರಮದಲ್ಲೇ ನೋಡಿ.

ಪ್ರಶ್ನೆ: ಗಾಡಿ ನಿಲ್ಲಸೋ ಶೆಡ್ಡಿನ್ಯಾಗೇ ತೊಗರಿ ಚೀಲ ಇಡ್ತೀವಿ. ಎರಡು ಸಲ ಹೊಸ ವೈರಿಂಗ್ ಇಲಿ ಕಡದಾವ. ಡಾಂಬರ ಗುಳಿಗಿ ಇಟ್ರೂ ಕೇಳಂಗಿಲ್ಲ.
— ಜೇವರ್ಗಿ

ಉತ್ತರ: ತೊಗರಿ ಇರುವ ತನಕ ಇಲಿ ಬರುತ್ತದೆ, ಗುಳಿಗೆಯ ವಾಸನೆ ಬಯಲು ಶೆಡ್ಡಿನಲ್ಲಿ ನಾಲ್ಕು ದಿನವೂ ನಿಲ್ಲುವುದಿಲ್ಲ. ಇಲಿ ಗೂಡು ಕಟ್ಟುವುದು ಎರಡೇ ಜಾಗದಲ್ಲಿ: ಸೀಟಿನ ಕೆಳಗೆ, ಟ್ಯಾಂಕಿನ ಕೆಳಗಿನ ಸುರಂಗದಲ್ಲಿ. ಅಲ್ಲಿ ಹಾಯುವ ವೈರುಗಳಿಗಷ್ಟೇ ಪಿವಿಸಿ ಸ್ಲೀವಿನ ಬದಲು ತಗಡಿನ ಸುರುಳಿ ಕೊಳವೆ ತೊಡಿಸಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, 12 ಎಂಎಂದು ಎರಡು ಮೀಟರ್ ಸಾಕು. ಕೊಳವೆಯ ಎರಡೂ ಬಾಯಿಗೆ ರಬ್ಬರ್ ಬುಷ್ ಹಾಕುವುದನ್ನು ಮರೆಯಬೇಡಿ. ಕತ್ತರಿಸಿದ ಅಂಚು ಇಲಿಗಿಂತ ಬೇಗ ವೈರು ಕುಯ್ಯುತ್ತದೆ. ಗಾಡಿ ಹದಿನೈದು ದಿನಕ್ಕಿಂತ ಹೆಚ್ಚು ನಿಲ್ಲುವುದಾದರೆ ಸೀಟು ತೆಗೆದು ಬೇರೆ ಇಡಿ, ಬ್ಯಾಟರಿಯ ಒಂದು ತುದಿ ಬಿಚ್ಚಿಡಿ. ಕಡಿದ ವೈರಿಗೆ ಕರೆಂಟು ಇಲ್ಲದಿದ್ದರೆ ನಷ್ಟ ವೈರಿನದಷ್ಟೇ, ಚೀಲಗಳದ್ದಲ್ಲ.